ಮೊಣಕಾಲ ಕೆಳಗಿನ ದಿಂಬು

ನಾನು ಕುಂಟತೇನಿ. ಎಡಗಾಲು ಸೊರಗಿ ಬಲಗಾಲಿಗಿಂತ ಎರಡು ಬೆರಳು ಗಿಡ್ಡ ಆಗೇತಿ. ಮದುವಿ ಮನಿಯಾಗ ಗುರ್ತಿಲ್ಲದ ಹೆಣಮಕ್ಕಳು ಬಾಜೂಕ ಬಂದು ಕುಂತು, "ಹುಟ್ಟಿದಾಗಿಂದ ಹಿಂಗ ಏನ್ರಿ?" ಅಂತ ಕೇಳ್ತಾರ. ಹೌದ್ರಿ ಅಂದು ಬಿಡ್ತಿದ್ದೆ, ಯಾಕಂದ್ರ ಹಂಗಂದ್ರ ಮಾತು ಲಗೂ ಮುಗೀತೈತಿ. ಮೊನ್ನೆ ಸಣ್ಣ ಮೊಮ್ಮಗಳಿಗೆ ದವಾಖಾನ್ಯಾಗ ಬಾಯಾಗ ಪೋಲಿಯೋದ ಎರಡು ಹನಿ ಹಾಕಿಸ್ಕೊಂಡು ಬಂದ್ರು. ಆ ಹನಿ ಇಲ್ಲದ ಕಾಲದಾಗ ಏನಾಗ್ತಿತ್ತು ಅನ್ನೂದು ನನ್ನ ಮಕ್ಕಳಿಗೂ ಗೊತ್ತಿಲ್ಲ. ಅದಕ್ಕ ಬರಿಯಾಕ ಕುಂತೇನಿ. ನಾ ಕಲ್ತದ್ದು ಮೂರನೇ ಇಯತ್ತೆ. ತಪ್ಪಿದ್ದಲ್ಲಿ ಓದೋರು ತಿದ್ದಿಕೋರಿ.

ಆಗ ನನಗ ಹದಿನೇಳು. ಹಿರೇಕೆರೂರ ಕಡೆಯಿಂದ ಹುಲಗೂರ ಹತ್ರ ಗಂಡನ ಮನಿಗೆ ಬಂದು ಎರಡು ವರ್ಷ ಆಗಿತ್ತು. ಎರಡನೇ ಮಹಾಯುದ್ಧದ ಕಾಲ. ಮಳಿ ಹಿಂದ ಸರಿಯೂ ಹೊತ್ತಿಗೆ ನಮ್ಮ ಎದುರು ಮನಿ ಶಂಕ್ರವ್ವನ ಕೂಸಿಗೆ ಜ್ವರ ಬಂತು. ಎರಡನೇ ದಿನ ಕೂಸು ಕಾಲು ಎತ್ತಲಿಲ್ಲ. ಮೂರನೇ ದಿನ ಕೈ ಎತ್ತಲಿಲ್ಲ. ನಾಕನೇ ದಿನ ಅಳೂ ದನಿ ಸಣ್ಣದಾಗಿ ಸಣ್ಣದಾಗಿ ಮಧ್ಯಾಹ್ನಕ್ಕ ನಿಂತು ಹೋತು. ಕೂಸನ್ನ ಮಣ್ಣು ಮಾಡಿ ಬಂದ ಮಂದಿ ಬಾಗಲದಾಗ ಕಾಲು ತೊಳಕೊಂತ ಅಂದ್ರು, "ಕಾಲಿನಿಂದ ಮ್ಯಾಲ ಏರ್ತೈತಂತ. ಎದಿಗೆ ಬಂದ್ರ ಮುಗೀತು." ಆ ಮಾತು ನನ್ನ ಕಿವಿಗೆ ಬಿತ್ತು. ಎಂಟು ದಿನಕ್ಕ ನನಗ ಜ್ವರ ಬಂತು.

ಮೂರು ದಿನ ಮೈ ಸುಟ್ಟಿತು. ನಾಕನೇ ಬೆಳಿಗ್ಗೆ ಎದ್ದು ಬಚ್ಚಲಕ್ಕ ಹೊಂಟೆ. ಹೊಂಟೆ ಅಂತ ತಿಳಕೊಂಡೆ, ಅಷ್ಟ. ಸೊಂಟದ ಮ್ಯಾಲಿನ ಅರ್ಧ ಎದ್ದಿತ್ತು. ಕೆಳಗಿನ ಅರ್ಧ ಬ್ಯಾರೆ ಯಾರದೋ ಮೈ ಇದ್ದಂಗ ಕೌದಿಯೊಳಗ ಬಿದ್ದಿತ್ತು.

"ಅತ್ತೀ," ಅಂತ ಕರದೆ.

ನಮ್ಮತ್ತಿ ಬಸವ್ವ ಒಲಿ ಮುಂದ ರೊಟ್ಟಿ ಬಡ್ಯಾಕತ್ತಿದ್ದಳು. ಹಿಟ್ಟಿನ ಕೈಲೇ ಓಡಿ ಬಂದು ನನ್ನ ಮಾರಿ ನೋಡಿದಳು. ಏನಾತು ಅಂತ ಕೇಳಲಿಲ್ಲ. ಕೌದಿ ಸರಿಸಿ, "ಬೆರಳು ಆಡ್ಸು," ಅಂದಳು. ಆಡಲಿಲ್ಲ. "ಹಿಮ್ಮಡ ಎಳಕೋ." ಬರಲಿಲ್ಲ. "ಕೈ ಎತ್ತು." ಎತ್ತಿದೆ. ಆಮ್ಯಾಲ ಹತ್ತಿ ಚೀಲದಾಗಿಂದ ಒಂದು ಎಳಿ ಹತ್ತಿ ಹಿರಿದು ಅಂಗೈ ಮ್ಯಾಲ ಇಟ್ಟು ನನ್ನ ಬಾಯಿ ಹತ್ರ ಹಿಡದು, "ಊದು," ಅಂದಳು. ಊದಿದೆ. ಹತ್ತಿ ಹಾರಿತು. ಅತ್ತಿ ಹೋಗಿ ಮತ್ತ ರೊಟ್ಟಿ ಬಡದಳು.

ಅವತ್ತಿನಿಂದ ದಿನಾ ಮೂರು ಸಲ ಆಕಿ ಹತ್ತಿ ಹಿಡಕೊಂಡು ಬರ್ತಿದ್ದಳು. ಯಾಕ ಅಂತ ಆಕಿ ಹೇಳಲಿಲ್ಲ, ನಾ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಹೊಸ್ತಿಲದ ಮ್ಯಾಲ ಆಕಿ ಹೆಜ್ಜಿ ಕೇಳಿದ್ರ ಸಾಕು, ಈ ಸಲ ಹಾರತೈತೋ ಇಲ್ಲೋ ಅಂತ ಉಸಿರು ಕೂಡಿಡಾಕ ಹತ್ತತಿದ್ದೆ. ಹಿಂಗ ಒಂಬತ್ತು ದಿನ ನಡೀತು. ಹತ್ತನೇ ದಿನ ಆಕಿ ಹತ್ತಿ ತರಲಿಲ್ಲ. ಜ್ವರ ಇಳಿದಿತ್ತು. ನಾ ಸಾಯೂದಿಲ್ಲ ಅಂತ ಇಬ್ಬರಿಗೂ ತಿಳೀತು.

ಊರ ವೈದ್ಯ ಬಂದು ನೋಡಿ, "ಇದು ಗಾಳಿ. ಇನ್ನ ಗಾಳಿ ಸೋಕಬಾರದು, ಬೆಳಕು ಬೀಳಬಾರದು, ಕಾಲು ಅಲುಗಬಾರದು. ನಲವತ್ತು ದಿನ," ಅಂದ. ಪಡಸಾಲಿ ಹಿಂದಿನ ಕೋಲಿಯಾಗ ಕಾಳು ತುಂಬೂ ಹಗೇವಿನ ಬಾಜೂಕ ನನ್ನ ಮಲಗಿಸಿದ್ರು. ಗವಾಕ್ಷಿಗೆ ಗೋಣಿ ತಟ್ಟು ಬಡದ್ರು. ಮಠದ ವಿಭೂತಿ ಹಣಿಗೆ ಬಂತು, ಹುಲಗೂರ ದರ್ಗಾದ ತಾಯತ ತೋಳಿಗೆ ಬಂತು. ಕಾಲು ಆಡತಿದ್ದಿಲ್ಲ ಖರೆ, ನೋವು ಮಾತ್ರ ಪೂರಾ ಇತ್ತು. ಸೀರಿ ನಿರಿಗಿ ತಾಗಿದ್ರೂ ಒದರ್ತಿದ್ದೆ. ತೊಡಿ ಹಿಂದಿನ ನರ ಯಾರೋ ಹುರಿ ಹೊಸದು ಬಿಗಿದಂಗ.

ಅತ್ತಿಗೆ ನೋಡಾಕ ಆಗಲಿಲ್ಲ. ಹಳೇ ಕೌದಿ ಸುತ್ತಿ ಹೊಲದು ದಿಂಬು ಮಾಡಿ ನನ್ನ ಎರಡೂ ಮೊಣಕಾಲ ಕೆಳಗ ಮೆಲ್ಲಕ ತೂರಿಸಿದಳು. ಕಾಲು ಮಡಚಿದಂಗ ಮ್ಯಾಲ ನಿಂತವು, ನರ ಸಡಿಲಾತು, ನೋವು ಇಳೀತು. ನಾ ಆಕಿ ಕೈ ಹಿಡದು ಅತ್ತೆ. ಅತ್ತಿನೂ ಅತ್ತಳು. ಅಂಥಾ ಅತ್ತಿ ಯಾರಿಗೂ ಸಿಗೂದಿಲ್ಲ ಅಂತ ಆಗ ಅಂದ್ಕೊಂಡೆ. ಈಗೂ ಅಂತೇನಿ. ಆದ್ರ ನನ್ನ ಕಾಲು ಕೆಡಿಸಿದ್ದು ಜ್ವರ ಅರ್ಧ, ಆ ದಿಂಬು ಅರ್ಧ.

ನಲವತ್ತು ದಿನ ಕಳೆದು ಗೋಣಿ ತಟ್ಟು ತೆಗೆದ್ರು. ಬಲಗಾಲಿನ ಬೆರಳಿಗೆ ಆಟ ಬಂದಿತ್ತು, ತೊಡಿಯಾಗೂ ಒಂದೀಟು ಕಸುವು ಬಂದಿತ್ತು. ಆದ್ರ ಮೊಣಕಾಲು ಎರಡೂ ಕುಡಗೋಲಿನಂಗ ಡೊಂಕಾಗಿ ನಿಂತಿದ್ದವು. ಹಿಡದು ಚಾಚಿದ್ರ ಚಾಚಲಿಲ್ಲ. ನಮ್ಮ ಮನಿಯವ್ರು ಬಾಗಲದಾಗ ನಿಂತು ಒಂದು ಗಳಿಗಿ ನೋಡಿ, ಎತ್ತಿಗೆ ನೀರು ಕುಡಸ್ತೇನಿ ಅಂತ ಹೋದ್ರು. ಎತ್ತಿಗೆ ಆಗಷ್ಟ ನೀರು ಕುಡಿಸಿದ್ರು.

ದವಾಖಾನಿ ಸುದ್ದಿ ತಂದಾವ ಕಂಬಳಿ ಮಾರೋ ಮುದುಕ. ಕಟ್ಟಿ ಮ್ಯಾಲ ಕುಂತು ಅತ್ತಿ ಮುಂದ ಹೇಳಾಕತ್ತಿದ್ದ. "ಹಾನಗಲ್ಲ ಕಡೆ ಕ್ರಿಸ್ತಿ ಮಂದಿ ದವಾಖಾನಿ ಐತ್ಯಲ್ಲವ್ವಾ, ಅಲ್ಲೊಬ್ಬ ಹೆಣಮಗಳು ಬಂದಾಳ, ತಿಕ್ಕೋ ಬಾಯಿ ಅಂತಾರ. ಕಾಲು ಬಿದ್ದೋರ ಕಾಲು ತಿಕ್ಕತಾಳ. ನನ್ನ ಕಡೆ ಚಲೋ ಕಂಬಳಿ ತಗೊಂಡು ಚೂರು ಚೂರು ಕತ್ತರಸಿ ಕುದಿಯೂ ನೀರಾಗ ಹಾಕಿದ್ಲು. ನಾ ಅಂದೆ, ಬಾಯಾರ, ಅದನ್ನ ಉಣಬ್ಯಾಡ್ರಿ, ಹೊಚಗೋರಿ!"

ಅತ್ತಿ ನಕ್ಕಳು. ಆಮ್ಯಾಲ ನಗೂದು ಬಿಟ್ಟು, "ಕಾಲು ಬಿದ್ದೋರು ಎದ್ದಾರೇನ?" ಅಂದಳು.

"ಕೆಲವರು ಎದ್ದಾರ. ಕೆಲವರು ಇಲ್ಲ."

ಸಂಕ್ರಾಂತಿ ಮುಗಿದ ಮ್ಯಾಲ ಚಕ್ಕಡ್ಯಾಗ ಹುಲ್ಲು ಹಾಸಿ ನನ್ನ ಮಲಗಿಸಿ, ಶಿಗ್ಗಾಂವಿ, ಬಂಕಾಪುರ ದಾಟಿ ಎರಡು ದಿನಕ್ಕ ಅಲ್ಲಿ ಮುಟ್ಟಿದಿವಿ. ಕುಲುಕಿಗೊಮ್ಮೆ ನಾ ಬಾಯಿ ಬಿಟ್ಟೆ. ಅತ್ತಿ ದಿಂಬು ಒತ್ತಿ ಹಿಡದು ಕುಂತಿದ್ದಳು.

ದವಾಖಾನಿ ಅಂದ್ರ ಹೆಂಚಿನ ಒಂದು ಉದ್ದನೆ ಮನಿ. ಮುಂದ ಕಟ್ಟಿ, ಕಟ್ಟಿ ಮ್ಯಾಲ ನಮ್ಮಂಥಾ ಮಂದಿ. ಮುಂಜಾನಿಂದ ಮಧ್ಯಾಹ್ನದ ತನಕ ಕುಂತಿವಿ. ಅಷ್ಟು ಮಂದಿ ಕುಂತಿದ್ರೂ ಗದ್ದಲ ಇದ್ದಿಲ್ಲ. ಎಲ್ಲಾರೂ ಕದದ ಕಡೆ ನೋಡ್ತಿದ್ರು. ಒಳಗಿಂದ ಆಗೊಮ್ಮೆ ಈಗೊಮ್ಮೆ ಚೀರೂ ದನಿ ಬರ್ತಿತ್ತು. ಬಂದಾಗೊಮ್ಮೆ ತಾಯಂದಿರು ತಮ್ಮ ಮಕ್ಕಳ ಕಿವಿ ಮುಚ್ಚತಿದ್ರು.

ಕದ ತೆರದು ಹೊರಗ ಬಂದಾಕಿ ನೆಲದ ಮ್ಯಾಲ ಬಂದಳು. ಮೂವತ್ತರ ಹೆಂಗಸು. ಎರಡೂ ಕೈಯಾಗ ಕಾಲಿಗೆ ಹಾಕೂವಂಥಾ ಕಟ್ಟಿಗಿ ಪಾವುಗಿ, ಆ ಪಾವುಗಿ ನೆಲಕ್ಕ ಊರಿ ಊರಿ ಕುಂಡಿ ಎಳಕೊಂತ ಬಂದು ನನ್ನ ಮುಂದ ನಿಂತಳು. ನಿಂತಳು ಅಂತ ಬರೀತೇನಿ, ಆಕಿಗೆ ನಿಲ್ಲಾಕ ಬರತಿದ್ದಿಲ್ಲ.

"ಎಲ್ಲಿಯವರವ್ವಾ?"

"ಹುಲಗೂರ ಬಾಜೂಕ," ಅಂದಳು ಅತ್ತಿ.

"ಎಷ್ಟ ದಿನ ಆತು ಜ್ವರ ಬಂದು?" ಅತ್ತಿ ಹೇಳಿದಳು. ಆಕಿ ನನ್ನ ಕೌದಿ ಸರಿಸಿ ದಿಂಬು ನೋಡಿದಳು. "ನಾ ಸಿದ್ದವ್ವ. ಇಲ್ಲೇ ಇದ್ದು ಇಂಗ್ರೇಜಿ ಮಾತು ಕಲ್ತೇನಿ. ಬಾಯಾರಿಗೆ ಕನ್ನಡ ಬರೂದಿಲ್ಲ, ನಾ ಹೇಳಿದ್ದು ಅವರ ಮಾತು ಅಂತ ತಿಳಕೋರಿ. ಬೈದದ್ದು ಮಾತ್ರ ನಂದು."

ತಿಕ್ಕೋ ಬಾಯಿ ಅಂದ್ರ ಬಿಳೇ ಹೆಂಗಸು ಅಂತ ನಾ ತಿಳಕೊಂಡಿದ್ದೆ. ಒಳಗ ಹೋದ್ರ ನಮ್ಮಂಥಾದ ಮಾರಿ, ನಮ್ಮಂಥಾದ ಕರೀ ಮೈ, ಎಣ್ಣಿ ಹಚ್ಚಿ ಬಾಚಿದ ತಲಿ. ಮೈಮ್ಯಾಲ ಬಿಳೇ ಝಂಪರಿನಂಥಾ ಉದ್ದನೆ ಅಂಗಿ. ಅತ್ತಿ ಕನ್ನಡದಾಗ, "ಯಾವೂರ್ರಿ ನಿಮ್ದು?" ಅಂದಳು. ಆಕಿ ನಕ್ಕು ತಲಿ ಅಲ್ಲಾಡಿಸಿದಳು. ಉತ್ತರ ಸಿದ್ದವ್ವ ಹೇಳಿದಳು. ಡೋರಾ ಅಂತ ಹೆಸರು. ಟ್ರಿನಿಡಾಡ ಅಂತ ಅಮೇರಿಕಾದ ಬಗಲಾಗ ಒಂದು ನಡುಗಡ್ಡಿ ಐತಂತ, ಅಲ್ಲಿಯಾಕಿ. ಆಕಿ ಅಜ್ಜಿನ್ನ ಮದ್ರಾಸಿನಿಂದ ಹಡಗಿನ್ಯಾಗ ಕಬ್ಬು ಕಡಿಯಾಕ ಒಯ್ದಿದ್ರಂತ. ಅತ್ತಿ ಇದನ್ನೆಲ್ಲಾ ಕೇಳಿ, "ಹಂಗಾದ್ರ ನಮ್ಮಾಕಿನ," ಅಂದು ತಾ ತಂದ ಶೇಂಗಾದ ಉಂಡಿ ತಗದು ಆಕಿ ಕೈಯಾಗ ಇಟ್ಟಳು.

ಡೋರಾ ಬಾಯಿ ನನ್ನ ದಿಂಬು ತಗದು ಮೂಲಿಗೆ ಒಗದಳು. ಹಲಗಿ ಮಂಚದ ಮ್ಯಾಲ ಅಂಗಾತ ಮಲಗಿಸಿ, ಮೊಣಕಾಲು ಹಲಗಿಗೆ ಎಷ್ಟು ದೂರ ನಿಂತೈತಿ ಅಂತ ತನ್ನ ಮುಷ್ಟಿ ಒಳಗ ತೂರಿಸಿ ನೋಡಿದಳು. ಬಲಕ್ಕ ಒಂದು ಮುಷ್ಟಿ. ಎಡಕ್ಕ ಒಂದರ ಮ್ಯಾಲೊಂದು ಎರಡು ಮುಷ್ಟಿ ಆರಾಮ ಹೋದವು. ಸಿದ್ದವ್ವ ಕೆಳಗಿಂದ ಹೇಳಿದಳು, "ಕಸುವು ಬರೂದು ದೇವರ ಕೈಯಾಗ. ಮೊಣಕಾಲು ನೆಟ್ಟಗಾಗೂದು ನಿನ್ನ ಕೈಯಾಗ. ನೆಟ್ಟಗಾದ್ರ ಕೋಲು ಹಿಡದು ನಿಲ್ತಿ. ಆಗಲಿಲ್ಲಂದ್ರ..." ಅಂದು ತನ್ನ ಎರಡು ಪಾವುಗಿ ನೆಲಕ್ಕ ಟಪ್ ಟಪ್ ಬಡದಳು.

ಇದ್ದ ಮಾತು ಇಷ್ಟ. ನಿಲ್ಲೂದು ಇಲ್ಲಾ ತೆವಳೂದು. ಮೂರನೇದು ಇದ್ದಿಲ್ಲ.

ದಿನಾ ಎರಡು ಸಲ ಕಂಬಳಿ ತುಂಡು ಕುದಿಸಿ, ಹಿಂಡಿ, ಹೊಗಿ ಏಳೂ ಹಂಗ ಇದ್ದಾಗಲೇ ತೊಡಿಗೆ ಸುತ್ತತಿದ್ರು. ಹಸಿ ಉಣ್ಣಿ ವಾಸನಿ, ಕುರಿ ಹಿಂಡಿನ್ಯಾಗ ಮಲಗಿದಂಗ. ಅದು ಹಿತ ಇತ್ತು. ಅದರ ಹಿಂದ ಬರೂದು ಹಿತ ಇದ್ದಿಲ್ಲ. ಬಾಯಿ ಒಂದು ಕೈ ತೊಡಿ ಮ್ಯಾಲ, ಒಂದು ಕೈ ಹಿಮ್ಮಡಕ್ಕ ಹಚ್ಚಿ, ತನ್ನ ಮೈ ಭಾರ ಒಂದೀಟ ಒಂದೀಟ ಬಿಟ್ಟು ಕಾಲು ಚಾಚತಿದ್ದಳು. ಆಕಿ ಕಲ್ತ ಕನ್ನಡ ಮೂರು ಮಾತು: "ಉಸಿರು ಬಿಡು", "ತಡಿ", "ಇನ್ನೊಮ್ಮೆ". ನಾ ಬೈದೆ, ಉಗುಳಿದೆ, ಒಮ್ಮೆ ಆಕಿ ಮುಂಗೈ ಕಡದೆ. ಆಕಿ ಕೈ ಒರೆಸಿಕೊಂಡು, "ಇನ್ನೊಮ್ಮೆ," ಅಂದಳು. ಚಾಚಿದ ಮ್ಯಾಲ ಕಾಲಿಗೆ ಹಲಗಿ ಕಟ್ಟಿ, ಮೊಣಕಾಲ ಮ್ಯಾಲ ಉಸುಕಿನ ಚೀಲ ಇಡತಿದ್ರು. ಆ ಚೀಲ ನೋಡಿದ್ರ ನನಗ ಹೆಣದ ಮ್ಯಾಲ ಇಡೂ ಕಲ್ಲು ನೋಡಿದಂಗ ಆಗ್ತಿತ್ತು.

ತಪ್ಪು ಮಾಡಿದಾಕಿ ನಾನ. ಮಧ್ಯಾಹ್ನ ಬಾಯಿ ಊಟಕ್ಕ ಹೋದಾಗ ಅತ್ತಿಗೆ ಅಂದೆ, "ಒಂದ ಗಳಿಗಿ ದಿಂಬು ಇಡ್ರಿ, ನಿಮ್ಮ ಕಾಲು ಬೀಳ್ತೇನಿ."

"ಬ್ಯಾಡಂದಾರಲ್ಲವ್ವಾ."

"ಆಕಿಗೇನ ಗೊತ್ತ, ನೋವು ನಂದ ಐತಿ. ನೀವೂ ಕಲ್ಲ ಆದ್ರೇನ?"

ಅತ್ತಿ ಸುತ್ತ ನೋಡಿ, ಹಲಗಿ ಬಿಚ್ಚಿ, ಉಸುಕಿನ ಚೀಲ ತಗದು ದಿಂಬು ಇಟ್ಟಳು. ದಿನಾ ಹಿಂಗ ಮಾಡಿದಿವಿ. ಬಾಯಿ ಬರೂ ಸಪ್ಪಳ ಆದ ಕೂಡಲೇ ಮತ್ತ ಕಟ್ಟಿ ಚೀಲ ಇಡತಿದ್ದಳು. ಹದಿನೈದು ದಿನ ಆದ್ರೂ ಎಡಗಾಲು ಎರಡು ಮುಷ್ಟಿ ಎರಡ ಉಳೀತು. ಬಾಯಿ ಮುಷ್ಟಿ ಹಾಕಿ ನೋಡ್ತಾಳ, ತನ್ನ ಕೈ ತಾನ ನೋಡ್ಕೋತಾಳ, ಹಣಿ ತಿಕ್ಕೋತಾಳ. ನನಗ ನಾಚಿಕಿ ಬರಲಿಲ್ಲ. ನೋವಿದ್ದೋರಿಗೆ ನಾಚಿಕಿ ಇರೂದಿಲ್ಲ.

ಒಂದಿನ ಸಿದ್ದವ್ವ ಒಮ್ಮಿಂದೊಮ್ಮೆಲೆ ಒಳಗ ಬಂದಳು. ಪಾವುಗಿ ಬಗಲಾಗ ಹಿಡಕೊಂಡು ಬರೀ ಅಂಗೈ ಊರಿ ಬಂದಿದ್ದಳು, ಸಪ್ಪಳ ಎಲ್ಲಿ ಬರಬೇಕು. ದಿಂಬು ಇದ್ದ ಜಾಗಾದಾಗ ಇತ್ತು. ಒದರ್ತಾಳ ಅಂದ್ಕೊಂಡೆ. ಒದರಲಿಲ್ಲ. ಮಂಚದ ಬುಡಕ್ಕ ಬಂದು ಕುಂತು ಸೀರಿ ಮ್ಯಾಲ ಸರಿಸಿ ತನ್ನ ಮೊಣಕಾಲು ತೋರಿಸಿದಳು. ತೊಡಿಗೂ ಮೀನಗಂಡಕ್ಕೂ ನಡುವ ಕೈ ಹೋಗದಂಗ ಮಡಚಿ ಅಂಟಿದ್ದವು. ಚರ್ಮ ಜಡ್ಡುಗಟ್ಟಿ ಎಮ್ಮಿ ಗೊರಸಿನಂಗ ಆಗಿತ್ತು.

"ನನಗ ಆರು ವರ್ಷ ಇದ್ದಾಗ ಇದ ಜ್ವರ," ಅಂದಳು. ನನ್ನ ಕಡೆ ನೋಡಲಿಲ್ಲ. ಅತ್ತಿ ಮಾರಿ ನೋಡಿಕೊಂತ ಅಂದಳು, "ನಮ್ಮವ್ವನ ಕೈ ಭಾಳ ಮೆತ್ತಗಿತ್ತವ್ವಾ."

ಆಮ್ಯಾಲ ಸೀರಿ ಇಳಿಸಿ, ಪಾವುಗಿ ಹಿಡದು ಹೋದಳು.

ಅತ್ತಿ ದಿಂಬು ಎಳಕೊಂಡು, ಅದರ ಹೊಲಿಗಿ ಹಲ್ಲಿಂದ ಹರದು, ಬಿಚ್ಚಿ ಕೌದಿ ಮಾಡಿ ನನ್ನ ಮೈಮ್ಯಾಲ ಹೊಚ್ಚಿದಳು. "ಇನ್ನ ಕೇಳಿದ್ರ ಹೊಡೀತೇನಿ ನೋಡ," ಅಂದಳು. ನಾ ಆಮ್ಯಾಲ ಕೇಳಿದೆ, ಸುಳ್ಳ ಯಾಕ ಬರೀಲಿ, ಭಾಳ ಸಲ ಕೇಳಿದೆ. ಆಕಿ ಇಡಲಿಲ್ಲ.

ಯುಗಾದಿಗೆ ಬಲಗಾಲು ಹಲಗಿಗೆ ಮಲಗಿತು. ಎಡ ಮೊಣಕಾಲ ಕೆಳಗ ಇನ್ನೂ ನಾಕು ಬೆರಳು ಹೋಗತಿದ್ದವು. ಆ ವಾರದಾಗ ಬಾಯಿಗೆ ಕಾಗದ ಬಂತು. ಸಿದ್ದವ್ವ ಕಂಬಳಿ ಹಿಂಡಿಕೊಂತ ಸುದ್ದಿ ಹೇಳಿದಳು. "ಬಾಯಾರ ನಾಡಾಗ ಈ ಕೆಲಸ ಕಲ್ತವರು ಯಾರೂ ಇಲ್ಲಂತ. ಇವರು ವಿಲಾಯತಿಯಾಗ ಕಲ್ತು ವಾಪಸ್ ಹೋದ್ರ ಅಲ್ಲಿ ಡಾಕ್ಟರ ಮಂದಿ, ನೀ ನರ್ಸ ಅಲ್ಲ, ಡಾಕ್ಟರ ಅಲ್ಲ, ಹಂಗಾದ್ರ ಯಾರು ಅಂತ ಕೇಳಿದ್ರಂತ, ಅದಕ್ಕ ಈ ಕಡೆ ಬಂದ್ರಂತ. ಈಗ ಅಲ್ಲೂ ಈ ಜ್ವರ ಎದ್ದೈತಿ. ಕಬ್ಬಿನ ಗದ್ದಿ ಮಕ್ಕಳು ಸಾಲ ಸಾಲ ಬಿದ್ದಾವ. ಬಾ, ಒಂದು ಕೋಲಿ ಕೊಡ್ತೇವಿ, ಮಾಡು ಅಂದಾರ. ಹಡಗಿನ್ಯಾಗ ಜಾಗಾ ಸಿಕ್ಕೈತಿ."

"ಮತ್ತ ನನ್ನ ಕಾಲು?" ಅಂದೆ.

ಸಿದ್ದವ್ವ ಕೇಳಿ ಬಂದು ಹೇಳಿದಳು. "ನಿನ್ನ ಕಾಲು ನಿಮ್ಮತ್ತಿ ಕೈಯಾಗ ಕೊಡ್ತಾರಂತ."

ಇಪ್ಪತ್ತು ದಿನ ಬಾಯಿ ಅತ್ತಿಗೆ ಕಲಿಸಿದಳು. ತನ್ನ ಕೈ ಮ್ಯಾಲ ಅತ್ತಿ ಕೈ ಇಟಗೊಂಡು ಎಷ್ಟು ಭಾರ, ಎಲ್ಲಿ ಭಾರ, ಯಾವಾಗ ನಿಲ್ಲಬೇಕು ಅಂತ ತೋರಿಸಿದಳು. ನಾ ಒದರಿದ ಕೂಡಲೇ ಅತ್ತಿ ಕೈ ಜಿಗದು ಹಿಂದ ಬರ್ತಿತ್ತು. ಬಾಯಿ ಹಿಡದು ಮತ್ತ ಇಡತಿದ್ದಳು. ಒಬ್ಬಾಕಿಗೆ ಇನ್ನೊಬ್ಬಾಕಿ ಮಾತು ತಿಳೀತಿದ್ದಿಲ್ಲ. ಅತ್ತಿ ಕಣ್ಣು ಮುಚ್ಚಿಕೊಂಡು ಚಾಚಾಕ ಹೋದ್ರ ಬಾಯಿ ಆಕಿ ಗದ್ದ ಎತ್ತಿ ನನ್ನ ಮಾರಿ ಕಡೆ ತಿರುಗಿಸ್ತಿದ್ದಳು. ನೋಡಿಕೊಂತ ಮಾಡಬೇಕು. ಅದ ಆ ಕೆಲಸದ ಒಟ್ಟು ವಿದ್ಯೆ ಅಂತ ನನಗನಸ್ತೈತಿ.

ಹೋಗೂ ದಿನ ನಮ್ಮನ್ನ ಊರಿಗೆ ಒಯ್ಯಾಕ ಬಂದಿದ್ದ ಚಕ್ಕಡಿನ ಬಾಯಿನೂ ಹತ್ತಿದಳು. ಆಕಿಗೆ ಹಾವೇರಿ ಟೇಶನ್ನ ಹತ್ರ ಇತ್ತು. ಆದ್ರ ಸುತ್ತು ಹಾಕಿ ಯಲವಿಗಿಗೆ ಹೋಗಿ ರೈಲು ಹಿಡೀತೇನಿ ಅಂದಳು. ಯಾಕಂದ್ರ ನಡುವ ನಮ್ಮ ಮನಿ ನೋಡಬೇಕಿತ್ತು. ಬಂದಾಕಿ ನೆಟ್ಟಗ ಹಿಂದಿನ ಕೋಲಿಗೆ ಹೋಗಿ ಹಗೇವಿನ ಹತ್ರದ ಜಾಗಾ ನೋಡಿದಳು, ಬ್ಯಾಡ ಅಂತ ಕೈ ಮಾಡಿದಳು. ಪಡಸಾಲಿಯಾಗ, ಬಾಗಲದ ಬೆಳಕು ಬೀಳೂ ಕಡೆ ಹಲಗಿ ಹಾಕಿಸಿದಳು. ಅತ್ತಿ ಕೈಲೆ ಒಮ್ಮೆ ನನ್ನ ಕಾಲು ಚಾಚಿಸಿ ನೋಡಿದಳು. ಮಜ್ಜಿಗಿ ಕುಡದಳು. ಹೋದಳು. ಆಕಿ ಹಡಗು ಮುಟ್ಟಿತೋ ಇಲ್ಲೋ ಇವತ್ತಿಗೂ ನನಗ ಗೊತ್ತಿಲ್ಲ.

ಪಡಸಾಲಿಗೆ ಬಂದ ಮ್ಯಾಲ ನನ್ನ ದನಿ ಓಣಿಗೆಲ್ಲಾ ಕೇಳಾಕ ಹತ್ತಿತು. ಮುಂಜಾನಿ ಒಮ್ಮೆ, ಸಂಜಿ ಒಮ್ಮೆ. ಮೊದಲು ಮಂದಿ ಬಂದು ನೋಡಿದ್ರು, ಆಮ್ಯಾಲ ಬರೂದು ಬಿಟ್ಟು ಮಾತಾಡಾಕ ಹತ್ತಿದ್ರು. ಬಸವ್ವ ಕುಂಟ ಸೊಸಿನ್ನ ಕೊಲ್ಲಾಕತ್ತಾಳ. ಮಗನಿಗೆ ಬ್ಯಾರೆ ಹೆಣ್ಣು ನೋಡ್ಯಾಳ. ಎದುರು ಮನಿ ಶಂಕ್ರವ್ವ ತನ್ನ ಬಾಗಲದಾಗ ನಿಂತು ಅಂದಳು, "ಏ ಬಸವಕ್ಕಾ, ನಿನ್ನ ಸೊಸಿ ಚೀರೂದು ಕೇಳಿ ನಮ್ಮ ಎಮ್ಮಿ ಹಾಲು ಇಳಸವಲ್ದು. ಕೊಲ್ಲೂದಿದ್ರ ಒಮ್ಮೆ ಕೊಂದು ಬಿಡ. ಕೂಸು ಕಳಕೊಂಡಾಕಿ ನಾ ಇಲ್ಲಿ ದಿನಾ ಕೇಳಬೇಕೇನ?"

ಅತ್ತಿ ಬಾವಿಗೆ ಹೋದ್ರ ಹೆಣಮಕ್ಕಳು ಕೊಡ ಸರಿಸಿ ನಿಂದರ್ತಿದ್ರು. ಕಡೀಕ ಪೊಲೀಸ ಪಾಟೀಲರು ಬಂದ್ರು. ನಮ್ಮ ಮನಿಯವ್ರು ಹೊಲದಾಗಿದ್ರು. ಅತ್ತಿ ನನ್ನ ಕಾಲು ಹಿಡದಾಕಿ ಹಂಗ ಕುಂತಿದ್ದಳು.

"ಏನ ಬಸವ್ವಾ, ಏನಿದು? ಊರಾಗ ನಾಕ ಮಂದಿ ನಾಕ ಮಾತಾಡ್ತಾರ."

ಅತ್ತಿ ಕೈ ಸಡಿಲಾತು. ಅದು ನನಗ ತೊಡಿಗೆ ತಿಳೀತು. ಇವತ್ತ ಆಕಿ ಕೈ ಬಿಟ್ಟಳಂದ್ರ ನಾಳೆ ಹಿಡಿಯೂದಿಲ್ಲ, ಅದೂ ತಿಳೀತು. ಪರ ಗಂಡಸಿನ ಮುಂದ ನಾ ಎಂದೂ ದನಿ ತಗದಾಕಿ ಅಲ್ಲ. ಸೆರಗು ಮಾರಿ ಮ್ಯಾಲ ಎಳಕೊಂಡು ಅಂದೆ, "ಒದರೂದು ನನ್ನ ಕೆಲಸರಿ. ಚಾಚೂದು ಅವರ ಕೆಲಸ. ಇಬ್ಬರೂ ನಮ್ಮ ನಮ್ಮ ಕೆಲಸ ಮಾಡಾಕತ್ತೇವಿ. ನೀವು ಕುಂದರ್ತಿದ್ರ ಕುಂದರ್ರಿ, ಇನ್ನೂ ಐದ ಸಲ ಐತಿ."

ಪಾಟೀಲರು ಕುಂದರಲಿಲ್ಲ. ಹೋಗೂಮುಂದ, "ಕದಾ ಮುಚಗೊಂಡರ ಮಾಡ್ರಿ," ಅಂದ್ರು. ಅತ್ತಿ ಎದ್ದು ಹೋಗಿ ಕದಾ ಇನ್ನಷ್ಟು ತೆಗದಳು. ಬಂದು ಕುಂತು ನನ್ನ ಮಾರಿ ನೋಡಿಕೊಂತ ಭಾರ ಬಿಟ್ಟಳು. ನಾ ನನ್ನ ಕೆಲಸ ಮಾಡಿದೆ.

ಸೀಗಿ ಹುಣ್ಣಿಮಿ ಹೊತ್ತಿಗೆ ಎಡಗಾಲಿಗೆ ಒಂದು ಬೆರಳು ಹೋಗತಿತ್ತು. ಅದರಾಚೆ ಅದು ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಬಡಿಗೇರ ಮಾಡಿದ ಬಗಲಗೋಲು ಹಿಡದು, ಎಡಗಾಲಿಗೆ ಹಲಗಿ ಕಟಗೊಂಡು, ಗ್ವಾಡಿಗೆ ಬೆನ್ನು ಹಚ್ಚಿ ನಿಂತೆ. ವರ್ಷದ ಮ್ಯಾಲ ಮೊದಲ ಸಲ ಅತ್ತಿ ಮಾರಿ ನನ್ನ ಮಾರಿಗಿಂತ ಕೆಳಗ ಬಂತು. ಆಕಿ ನನಗಿಂತ ಗಿಡ್ಡ ಇದ್ದದ್ದು ಮರತೇ ಹೋಗಿತ್ತು.

ಆ ವರ್ಷ ಜ್ವರ ಮತ್ತ ಬಂತು. ನಮ್ಮ ಓಣಿಯಾಗ ಮೂರು ಮನಿ. ಶಂಕ್ರವ್ವನ ಹಿರೇ ಮಗಳು, ನಾಕು ವರ್ಷದ್ದು, ಬಿತ್ತು. ಉಸಿರಿಗೆ ಬರಲಿಲ್ಲ, ಉಳೀತು. ಜ್ವರ ಇಳಿದು ಹದಿನೈದು ದಿನ ಆದ ಮ್ಯಾಲ ಆ ಮನಿ ಗವಾಕ್ಷಿಗೆ ಗೋಣಿ ತಟ್ಟು ಬಡದದ್ದು ನಮ್ಮ ಪಡಸಾಲಿಯಿಂದ ಕಾಣಿಸ್ತು. ಅತ್ತಿ ಹೋಗಿ ಬಾಗಲ ಬಡದಳು. "ನಿನ್ನ ಕಟುಕರ ಕೈ ನನ್ನ ಕೂಸಿಗೆ ಹಚ್ಚಬ್ಯಾಡ," ಅಂತ ಶಂಕ್ರವ್ವ ಕದಾ ಹಾಕಿದಳು. ಅತ್ತಿ ಬಂದು ಒಲಿ ಮುಂದ ಕುಂತಳು.

ನಾ ಕೋಲು ತಗೊಂಡೆ. ಹೊಸ್ತಿಲ ದಾಟಿದ್ದು ಅದ ಮೊದಲು. ನಡುವ ಓಣಿ ಎಷ್ಟು, ಹನ್ನೆರಡು ಹೆಜ್ಜಿ. ಎರಡು ಸಲ ನಿಂತೆ. ಮಂದಿ ತಮ್ಮ ತಮ್ಮ ಕಟ್ಟಿ ಮ್ಯಾಲಿಂದ ನೋಡಿದ್ರು, ಯಾರೂ ಹಿಡೀಲಿಕ್ಕೆ ಬರಲಿಲ್ಲ, ಅದು ಚಲೋ ಆತು. ಕೋಲಿಂದ ಕದಾ ಬಡದೆ. ಶಂಕ್ರವ್ವ ತೆರದಳು. ನನ್ನ ಮಾರಿ ನೋಡಲಿಲ್ಲ, ಕಾಲು ನೋಡಿದಳು.

"ನೀನರ ಏನ ನೆಟ್ಟಗ ನಡೀತಿ?" ಅಂದಳು.

"ನೆಟ್ಟಗಿಲ್ಲ," ಅಂದೆ. "ನಡಕೊಂತ ಬಂದೇನಿ."

ಆಕಿ ಬಾಗಲ ಹಿಡಕೊಂಡು ನಿಂತಳು. ನಾನೂ ನಿಂತೆ. ಭಾರ ಎಲ್ಲಾ ಕೋಲಿನ ಮ್ಯಾಲ ಬಿಟ್ಟಿದ್ದೆ, ಬೀಳ್ತೇನಿ ಅನ್ನಿಸ್ತು, ಬೀಳಲಿಲ್ಲ. ಕಡೀಕ ಆಕಿ ಒಂದು ಹೆಜ್ಜಿ ಬಾಜೂಕ ಸರದಳು, ಒಬ್ಬರು ಅಡ್ಡ ತಿರುಗಿ ಹೋಗೂವಷ್ಟ. ನನ್ನ ಹಿಂದ ಯಾವಾಗೋ ಬಂದು ನಿಂತಿದ್ದ ಅತ್ತಿ ಸೆರಗಿಗೆ ಕೈ ಒರೆಸಿಕೊಂಡು ಒಳಗ ಹೋದಳು.

ನಾ ಕಟ್ಟಿ ಮ್ಯಾಲ ಕುಂತೆ. ಸ್ವಲ್ಪ ಹೊತ್ತಿಗೆ ಒಳಗಿಂದ ಕೂಸು ಚೀರಾಕ ಹತ್ತಿತು. ಶಂಕ್ರವ್ವ ಹೊರಗ ಬಂದು ನನ್ನ ಬಾಜೂಕ ಕುಂತು ತನ್ನ ಕಿವಿ ಮುಚ್ಚಿಕೊಂಡಳು. ನಾ ಆಕಿ ಕೈ ಹಿಡದು ಕಿವಿಯಿಂದ ಕೆಳಗ ತಗದೆ.